ಚಮಚ ಇಟ್ಟಿದ್ದೀನಿ

ಕಾಗದದಲ್ಲಿದ್ದದ್ದು ನಾಲ್ಕೇ ಸಾಲು. ಓದಿ ಮುಗಿಸುವಷ್ಟರಲ್ಲಿ ಅಕ್ಕನ ಕಿವಿ ಕೆಂಡವಾಗಿತ್ತು.

ಸದರಿ ನೌಕರರು ಸ್ವಂತ ಬುದ್ಧಿಯಿಂದ ಹಾಜರಿ ವ್ಯವಸ್ಥೆಯನ್ನು ವಂಚಿಸಿರುತ್ತಾರೆ ಎಂಬುದು ಮೊದಲ ಸಾಲು. ತಂಡದ ಮುಖ್ಯಸ್ಥೆಯಾದ ನನಗೆ ಈ ವಿಷಯ ತಿಳಿದಿರುವುದಿಲ್ಲ ಎಂಬುದು ಎರಡನೆಯದು. ಅವರು ಬಿದ್ದ ಹೊತ್ತಿನಲ್ಲಿ ಕರ್ತವ್ಯದ ಮೇಲೆ ಇರಲಿಲ್ಲವೆಂದು ಭಾವಿಸತಕ್ಕದ್ದು ಎಂಬುದು ಮೂರನೆಯದು. ನಾಲ್ಕನೆಯ ಸಾಲನ್ನು ಓದಿದಾಗ ಅಳಬೇಕೋ ನಗಬೇಕೋ ಅವಳಿಗೆ ತಿಳಿಯಲಿಲ್ಲ. ಅದರ ವಿಷಯ ಆಮೇಲೆ.

ಕೆಳಗೆ ಸಹಿಗೆ ಒಂದು ಗೆರೆ. ಆ ಗೆರೆಯ ಮೇಲೆ ಅಕ್ಕ ಹೆಸರು ಗೀಚಿದರೆ ಟೀಚರಮ್ಮನ ಕೆಲಸ ಹೋಗುತ್ತದೆ, ಸೊಂಟದ ಆಪರೇಷನ್ನಿಗೂ ಕಂಪನಿಗೂ ಸಂಬಂಧವಿಲ್ಲ ಎಂದಾಗುತ್ತದೆ, ಅಕ್ಕನ ಕುರ್ಚಿ ಅಲುಗಾಡದೆ ಉಳಿಯುತ್ತದೆ. ಸಹಿ ಮಾಡಿದ ಕಾಗದ ಮಂಗಳವಾರ ಹನ್ನೊಂದಕ್ಕೆ ಮೇಜಿನ ಮೇಲಿರಬೇಕು ಎಂದು ಆಫೀಸಿನ ಮುಖ್ಯಸ್ಥರು, ಎಲ್ಲರ ಬಾಯಲ್ಲಿ ದೊಡ್ಡವರು, ಹೇಳಿ ಕಳಿಸಿದ್ದರು. ಕಾಗದ ಕೈಗೆ ಬಂದದ್ದು ಸೋಮವಾರ ಮಧ್ಯಾಹ್ನ.

ಅಕ್ಕ ಅಂದರೆ ಆ ಕಂಪನಿಯ ದೂರು ವಿಭಾಗದ ಮುಖ್ಯಸ್ಥೆ. ವಯಸ್ಸು ನಲವತ್ತೆರಡು. ಫ್ರಿಜ್ಜು, ಮಿಕ್ಸಿ, ಬಟ್ಟೆ ಒಗೆಯುವ ಯಂತ್ರ ಕೊಂಡು ಕೈಸುಟ್ಟುಕೊಂಡ ಜನ ಬರೆಯುವ ಪತ್ರಗಳನ್ನು ಓದಿ, ಸಮಾಧಾನ ಹೇಳಿ ಉತ್ತರ ಬರೆಯುವ ಇಪ್ಪತ್ತೆರಡು ಜನ ಅವಳ ಕೈಕೆಳಗಿದ್ದರು. ವಾರಕ್ಕೆ ಎರಡು ದಿನ ಆಫೀಸು, ಮೂರು ದಿನ ಮನೆ. ಕೈಕೆಳಗಿನವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಟೀಚರಮ್ಮನೊಬ್ಬರನ್ನು ಬಿಟ್ಟು. ಅವರಿಗೆ ಐವತ್ತನಾಲ್ಕು. ಹದಿನೆಂಟು ವರ್ಷ ಪಾಠ ಹೇಳಿ, ಶಾಲೆ ಮುಚ್ಚಿದ ಮೇಲೆ ಇಲ್ಲಿಗೆ ಬಂದವರು. ಅಕ್ಕನನ್ನು ಅವರು ನೀನು ಎಂದೇ ಮಾತಾಡಿಸುತ್ತಿದ್ದರು, ಅವಳು ಬರೆದ ಸುತ್ತೋಲೆಯ ಕಾಗುಣಿತವನ್ನೂ ತಿದ್ದಿ ಕಳಿಸುತ್ತಿದ್ದರು.

ಇನ್ನು ಕಾಳಜಿಯ ವಿಷಯ. ಕಾಳಜಿ ಎಂದರೆ ಮನುಷ್ಯರ ಎದೆಯಲ್ಲಿರುವುದು ಎಂದು ನೀವು ತಿಳಿದಿದ್ದರೆ ಅದು ನಿಮ್ಮ ತಪ್ಪು. ಈ ಕಂಪನಿಯಲ್ಲಿ ಕಾಳಜಿ ಎಂಬುದು ಕಂಪ್ಯೂಟರಿನಲ್ಲಿ ಕೂತ ಒಂದು ಪ್ರೋಗ್ರಾಮು. ಪ್ರತಿಯೊಬ್ಬರ ಹೆಸರಿನ ಮುಂದೆ ಅದು ಒಂದು ಚುಕ್ಕಿ ಇಡುತ್ತದೆ. ಕೈ ಕೀಲಿಮಣೆಯ ಮೇಲಿದ್ದರೆ ಹಸಿರು. ನಾಲ್ಕು ನಿಮಿಷ ಸುಮ್ಮನಿದ್ದರೆ ಹಳದಿ. ಹತ್ತಾದರೆ ಕೆಂಪು. ಹಳದಿಯಾದ ಕೂಡಲೇ ಪರದೆಯ ಮೇಲೆ ಒಂದು ಸಂದೇಶ ಬರುತ್ತದೆ: ‘ನೀವು ಮೇಜಿನಿಂದ ದೂರವಿರುವಂತಿದೆ. ಚೆನ್ನಾಗಿದ್ದೀರಾ?’ ಉತ್ತರಕ್ಕೆ ಎರಡು ಗುಂಡಿ. ಒಂದರ ಮೇಲೆ ‘ಚೆನ್ನಾಗಿದ್ದೇನೆ’, ಇನ್ನೊಂದರ ಮೇಲೆ ‘ಈಗ ಬಂದೆ’. ಚೆನ್ನಾಗಿಲ್ಲ ಎನ್ನುವುದಕ್ಕೆ ಗುಂಡಿಯೇ ಇಲ್ಲ. ವಾರಕ್ಕೆ ಮೂರು ಸಲ ಹೀಗಾದರೆ ಮನೆಯಿಂದ ಕೆಲಸ ಮಾಡುವ ದಿನಗಳು ರದ್ದು. ಹಾಗಾಗಿ ಆ ವಿಭಾಗದಲ್ಲಿ ಜನ ಇವತ್ತು ನಂಗೆ ಎರಡು ಕಾಳಜಿ ಬಿತ್ತು ಎಂದು, ಎರಡು ಏಟು ಬಿದ್ದವರ ಹಾಗೆ ಹೇಳಿಕೊಳ್ಳುತ್ತಿದ್ದರು.

ಇದನ್ನು ತಂದವರು ಯೋಗಕ್ಷೇಮಾಧಿಕಾರಿ. ಬಯ್ಯುವಾಗಲೂ ಹಲ್ಲು ಕಾಣುವ ಆ ಮನುಷ್ಯನಿಗೆ ವಿಭಾಗದವರು ನಗುಮುಖ ಎಂದು ಹೆಸರಿಟ್ಟಿದ್ದರು. ಆಫೀಸಿನ ಕಿಟಕಿಯ ಹತ್ತಿರ ಆತ ಎರಡು ಮೆತ್ತನೆಯ ಆಸನ, ಒಂದು ಪ್ಲಾಸ್ಟಿಕ್ ಗಿಡ ಇಡಿಸಿ ‘ನೆಮ್ಮದಿ ಮೂಲೆ’ ಎಂದು ಬೋರ್ಡು ಹಾಕಿಸಿದ್ದ. ಅಲ್ಲಿ ಹೋಗಿ ಕೂತರೆ ನಾಲ್ಕನೇ ನಿಮಿಷಕ್ಕೆ ಚುಕ್ಕಿ ಹಳದಿಯಾಗುತ್ತಿತ್ತು. ಎರಡು ವರ್ಷದಲ್ಲಿ ಆ ಆಸನಗಳ ಮೇಲೆ ಕೂತದ್ದು ಧೂಳು ಮಾತ್ರ. ಬುಧವಾರ ಬುಧವಾರ ಎಲ್ಲರೂ ಕ್ಯಾಮೆರಾದ ಮುಂದೆ ಕಣ್ಣು ಮುಚ್ಚಿ ಹತ್ತು ನಿಮಿಷ ಉಸಿರಾಡಬೇಕಿತ್ತು. ಆ ಹತ್ತು ನಿಮಿಷವನ್ನು ಸಂಜೆ ಹೆಚ್ಚು ಕೂತು ತುಂಬಿಕೊಡಬೇಕಿತ್ತು.

ಚಮಚ ಬಂದದ್ದು ಹೀಗೆ. ತಂಡದಲ್ಲೊಬ್ಬ ಬಾಣಂತಿ ಇದ್ದಳು, ಪುಟ್ಟಿಯ ಅಮ್ಮ. ಮಗುವಿಗೆ ಹಾಲು ಕುಡಿಸಲು ಎದ್ದಾಗಲೆಲ್ಲ ಅವಳ ಚುಕ್ಕಿ ಹಳದಿಯಾಗಿ, ಒಂದೇ ದಿನ ನಾಲ್ಕು ಕಾಳಜಿ ಬಿದ್ದು, ಅವಳು ಅಕ್ಕನಿಗೆ ಫೋನು ಮಾಡಿ ಬಿಕ್ಕಿ ಬಿಕ್ಕಿ ಅತ್ತಿದ್ದಳು. ಅಕ್ಕ ನಗುಮುಖನ ಹತ್ತಿರ ಹೋಗಿ ನ್ಯಾಯ ಕೇಳಿದಳು. ನಿಯಮ ಎಲ್ಲರಿಗೂ ಒಂದೇ, ತಾಯ್ತನವನ್ನು ಕಂಪನಿ ತುಂಬ ಗೌರವಿಸುತ್ತದೆ ಎಂದು ಆತ ಹಲ್ಲು ಬಿಟ್ಟ. ಅದೇ ವಾರ ಅಕ್ಕ ಮನೆಯಲ್ಲಿ ಕೂತು ಕೆಲಸ ಮಾಡುತ್ತಾ ಚಹಾ ಕಲಕಿದ ಚಮಚವನ್ನು ಕೀಲಿಮಣೆಯ ಮೇಲೆ ಇಟ್ಟುಬಿಟ್ಟಿದ್ದಳು. ಅದರ ಹಿಡಿ ಜಾರಿ ಶಿಫ್ಟ್ ಕೀಲಿಯ ಪಕ್ಕದ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಒಲೆಯ ಮೇಲೆ ಹಾಲು ಉಕ್ಕಿತೆಂದು ಓಡಿದವಳು, ಒಲೆ ಒರೆಸಿ ಕಾಲು ಗಂಟೆ ಬಿಟ್ಟು ಬಂದು ನೋಡಿದರೆ ಚುಕ್ಕಿ ಇನ್ನೂ ಹಸಿರು.

ಅವಳು ಪುಟ್ಟಿಯ ಅಮ್ಮನಿಗೆ ಹೇಳಿಕೊಟ್ಟಳು. ತಿಂಗಳೊಳಗೆ ಇಪ್ಪತ್ತೆರಡು ಮನೆಗಳಲ್ಲೂ ಕಂಪ್ಯೂಟರಿನ ಪಕ್ಕ ಒಂದು ಚಮಚ ಬಂತು. ಕಳ್ಳಾಟ ಆಗಬಾರದೆಂದು ಅಕ್ಕ ಒಂದು ಕಟ್ಟಳೆಯನ್ನೂ ಮಾಡಿದಳು. ಎದ್ದು ಹೋಗುವವರು ‘ಚಮಚ ಇಟ್ಟಿದ್ದೀನಿ’ ಎಂದು ಅವಳಿಗೆ ಮೆಸೇಜು ಹಾಕಬೇಕು, ವಾಪಸು ಬಂದ ಮೇಲೆ ‘ಚಮಚ ತೊಳೆದೆ’ ಎನ್ನಬೇಕು. ಜನ ಅಪ್ಪಣೆ ಕೇಳದೆ ಬಚ್ಚಲಿಗೆ ಹೋಗಿಬರುವಂತಾಯಿತು. ಕೆಲಸವೂ ಚೆನ್ನಾಗಿಯೇ ನಡೆಯಿತು. ಅಕ್ಕನ ತಂಡ ಎರಡು ವರ್ಷ ಎಡೆಬಿಡದೆ ಹಸಿರಾಗಿದ್ದದ್ದು ನೋಡಿ ದೊಡ್ಡವರು ಕಳೆದ ತಿಂಗಳು ಅವಳ ಕೈಗೆ ‘ಅತ್ಯಂತ ನೆಮ್ಮದಿಯ ತಂಡ’ ಎಂಬ ಗಾಜಿನ ಫಲಕ ಕೊಟ್ಟು ಫೋಟೋ ತೆಗೆಸಿಕೊಂಡಿದ್ದರು. ಈ ಮಾದರಿಯನ್ನು ಕಂಪನಿಯ ಉಳಿದ ಊರುಗಳಿಗೂ ಹಬ್ಬಿಸುವುದಾಗಿ ಮೇಲಿನವರಿಗೆ ಮಾತೂ ಕೊಟ್ಟಿದ್ದರು. ಅಕ್ಕ ಒಳಗೊಳಗೇ ನಕ್ಕಿದ್ದಳು.

ಹೋದ ಗುರುವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಟೀಚರಮ್ಮನಿಂದ ಮೆಸೇಜು ಬಂತು: ‘ಚಮಚ ಇಟ್ಟಿದ್ದೀನಿ. ಐದು ನಿಮಿಷ.’ ಅಕ್ಕ ಆಗ ಆಫೀಸಿನಲ್ಲಿ, ದೊಡ್ಡವರ ಮುಂದೆ ಕೂತು ನೆಮ್ಮದಿಯ ಅಂಕಿಅಂಶ ಒಪ್ಪಿಸುತ್ತಿದ್ದಳು. ಹನ್ನೊಂದಕ್ಕೆ ತನ್ನ ಪರದೆ ನೋಡಿದಳು, ಇಪ್ಪತ್ತೆರಡೂ ಹಸಿರು. ಹನ್ನೆರಡಕ್ಕೆ ನೋಡಿದಳು, ಹಸಿರು. ಹನ್ನೆರಡೂವರೆಗೆ ಟೀಚರಮ್ಮನಿಗೆ ‘ಊಟ ಆಯ್ತಾ?’ ಎಂದು ಕೇಳಿದಳು. ಉತ್ತರ ಬರಲಿಲ್ಲ. ಹಸಿರಿದೆಯಲ್ಲ, ಯಾವುದೋ ಉದ್ದದ ಪತ್ರ ಬರೆಯುತ್ತಿರಬೇಕು ಎಂದುಕೊಂಡು ತನ್ನ ಡಬ್ಬಿ ಬಿಚ್ಚಿದಳು. ‘ಚಮಚ ತೊಳೆದೆ’ ಬಂದಿಲ್ಲ ಎನ್ನುವುದು ಅವಳ ತಲೆಗೆ ಹೊಳೆಯಲೇ ಇಲ್ಲ.

ಟೀಚರಮ್ಮ ಜಾರಿ ಸೊಂಟ ಮುರಿದುಕೊಂಡು ಬಚ್ಚಲಿನ ನೆಲದ ಮೇಲೆ ಬಿದ್ದಿದ್ದರು. ಪಕ್ಕದ ಕೋಣೆಯಲ್ಲೇ ಅವರ ಅತ್ತೆ ಇದ್ದರು. ಆ ಮುದುಕಿಗೆ ಕಿವಿ ಕೇಳುವುದಿಲ್ಲ. ಮಧ್ಯೆ ಒಮ್ಮೆ ಇಣುಕಿ, ಕಂಪ್ಯೂಟರಿನಲ್ಲಿ ಬೆಳಕಿರುವುದು ನೋಡಿ, ಸೊಸೆ ಕೆಲಸದಲ್ಲಿದ್ದಾಳೆ ಎಂದು ಸುಮ್ಮನಾಗಿದ್ದರು. ಹೊಟ್ಟೆ ಹಸಿದು ಹುಡುಕಿಕೊಂಡು ಹೋದದ್ದು ಒಂದೂವರೆಗೆ. ಮೂರು ಗಂಟೆ ಹತ್ತು ನಿಮಿಷ.

ಆಮೇಲೆ ಎಲ್ಲರಿಗೂ ಎಚ್ಚರವಾಯಿತು. ನಗುಮುಖ ಟೀಚರಮ್ಮನ ಮೆಸೇಜುಗಳನ್ನೆಲ್ಲ ಅಚ್ಚು ಹಾಕಿಸಿ, ‘ಚಮಚ’ ಎಂದಿದ್ದಲ್ಲೆಲ್ಲ ಕೆಂಪು ಗೆರೆ ಎಳೆದುಕೊಂಡು ಶುಕ್ರವಾರ ಅಕ್ಕನ ಮುಂದೆ ಬಂದು ನಿಂತ. ಎಂದೂ ನಗು ಮಾಸದ ಮುಖ ಅವತ್ತು ಮಾಸಿತ್ತು. ಚಮಚ ಅಂದರೆ ದೊಡ್ಡವರ ಹಿಂದೆ ಮುಂದೆ ಸುಳಿದು ಬಾಲ ಅಲ್ಲಾಡಿಸುವವನು, ಅಂದರೆ ತಾನು, ಎಂದು ಆತ ತಿಳಿದಿದ್ದ. ಕಂಪ್ಯೂಟರ್ ರಿಪೇರಿಯವನು ಬಂದು, ಶಿಫ್ಟ್ ಕೀಲಿ ಮೂರು ಗಂಟೆ ಒತ್ತಿಕೊಂಡೇ ಇತ್ತು, ಸಂದಿಯಲ್ಲಿ ಚಮಚ ಇತ್ತು ಎಂದು ತಿಳಿಸಿದ ಮೇಲೆಯೇ ಆತನ ಮುಖಕ್ಕೆ ರಕ್ತ ಬಂದದ್ದು. ತನ್ನನ್ನು ಯಾರೂ ಆಡಿಕೊಂಡಿಲ್ಲ ಎಂದು ಮೊದಲು ಸಮಾಧಾನ. ತನ್ನ ಕಾಳಜಿಗೇ ಮಣ್ಣೆರಚಿದ್ದಾರೆ ಎಂದು ಆಮೇಲೆ ಸಿಟ್ಟು. ಒಬ್ಬ ಹೆಂಗಸು ಮೂರು ಗಂಟೆ ಒದ್ದೆ ನೆಲದ ಮೇಲೆ ಬಿದ್ದಿದ್ದಳು ಎನ್ನುವುದು ಈ ಎರಡರ ನಡುವೆ ಎಲ್ಲೂ ಬರಲಿಲ್ಲ.

ಸೋಮವಾರ ಸಂಜೆ ಕಾಗದವನ್ನು ಚೀಲದಲ್ಲಿಟ್ಟುಕೊಂಡು ಅಕ್ಕ ಆಸ್ಪತ್ರೆಗೆ ಹೋದಳು. ಟೀಚರಮ್ಮ ದಿಂಬಿಗೆ ಒರಗಿ, ಆಸ್ಪತ್ರೆಯವರು ಕೊಟ್ಟ ಸೂಚನಾಪತ್ರದಲ್ಲಿ ಪೆನ್ಸಿಲಿನಿಂದ ಕಾಗುಣಿತ ತಿದ್ದುತ್ತಿದ್ದರು. ಮುಖ ಅರ್ಧ ಆಗಿತ್ತು. ಅಕ್ಕನನ್ನು ಕಂಡವರೇ, ಚಮಚ ಕಲಿಸಿದ್ದು ಯಾರು ಎಂದು ಆಫೀಸಿನವರು ಎರಡು ಸಲ ಬಂದು ಕೇಳಿದರು, ನಾನು ತುಟಿ ಪಿಟಕ್ಕೆನ್ನಲಿಲ್ಲ ಎಂದು ಹೆಮ್ಮೆಯಿಂದ ಹೇಳಿದರು. ವಾರಕ್ಕೆ ಮೂರು ದಿನವಾದರೂ ಮನೆಯಲ್ಲಿರುವ ಇಂಥ ಕೆಲಸ ಬಿಟ್ಟರೆ ಅತ್ತೆಯನ್ನು ನೋಡಿಕೊಂಡು ಮಾಡುವ ಕೆಲಸ ಈ ವಯಸ್ಸಿಗೆ ಇನ್ನೊಂದು ಸಿಗುವುದಿಲ್ಲ ಎಂದೂ ಹೇಳಿದರು. ಅದನ್ನು ಮಾತ್ರ ಗೋಡೆ ನೋಡಿಕೊಂಡು ಹೇಳಿದರು.

ನೋವು ತುಂಬ ಇತ್ತಾ ಎಂದು ಅಕ್ಕ ಕೇಳಿದಳು. ಕೇಳಬಾರದಿತ್ತು.

“ನೋವಿರಲಿ ಕಣೆ. ನಿನ್ನ ಮೆಸೇಜಿನ ಸದ್ದು ಕೇಳಿಸ್ತು ನಂಗೆ. ಮಧ್ಯಾಹ್ನ ಟಿಣ್ ಅಂತು. ಅದು ನೀನೇ ಅಂತ ಗೊತ್ತು, ಆ ಹೊತ್ತಿಗೆ ಊಟ ಆಯ್ತಾ ಅಂತ ಇನ್ಯಾರು ಕೇಳ್ತಾರೆ? ನಾನು ಉತ್ತರ ಕೊಡ್ಲಿಲ್ಲ ಅಂದ್ರೆ ಇನ್ನೇನು ಫೋನ್ ಮಾಡ್ತಾಳೆ, ಫೋನ್ ಎತ್ತಲಿಲ್ಲ ಅಂದ್ರೆ ಯಾರನ್ನಾದ್ರೂ ಕಳಿಸ್ತಾಳೆ ಅಂತ ಸುಮ್ನೆ ಕಾಯ್ತಾ ಮಲಗಿದ್ದೆ.”

ಅಕ್ಕ ಕಾಗದವಿದ್ದ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಟೀಚರಮ್ಮನೇ ಅವಳ ಕೈ ತಟ್ಟಿ, ನಾನಿನ್ನೂ ಚಮಚ ತೊಳೆದಿಲ್ಲ ನೋಡು, ಎಂದು ನಗಿಸಲು ನೋಡಿದರು. ಕಾಗದದ ವಿಷಯ ಎತ್ತದೆಯೇ ಅಕ್ಕ ಎದ್ದು ಬಂದಳು.

ಮನೆಯಲ್ಲಿ ಗಂಡ ಕಾಗದವನ್ನು ದೀಪದ ಕೆಳಗೆ ಹಿಡಿದು ಎರಡು ಸಲ ಓದಿದ. ಅವನು ಕಾರು ಓಡಿಸಲು ಕಲಿಸುವವನು. ದಿನವಿಡೀ ಬೇರೆಯವರ ಪಕ್ಕ ಕೂತು ಬ್ರೇಕು ಒತ್ತಿ ಒತ್ತಿ ಸಂಜೆಗೆ ಸುಸ್ತಾಗಿರುತ್ತಿದ್ದ. ಸಹಿ ಹಾಕಿ ಕೈ ತೊಳೆದುಕೋ ಎಂದ. ನಿನ್ನ ಕೆಲಸವೂ ಹೋದರೆ ಅವರ ಕಾಲು ನೆಟ್ಟಗಾಗುತ್ತದಾ ಎಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ಅಕ್ಕನಿಗೆ ಇನ್ನಷ್ಟು ರೇಗಿತು. ಆಮೇಲೆ ಅವನು ಯಾವ ಉದ್ದೇಶವೂ ಇಲ್ಲದೆ, ತಟ್ಟೆ ಎತ್ತುತ್ತಾ ಕೇಳಿದ.

“ಅಲ್ಲ, ಅಷ್ಟೊತ್ತು ಉತ್ತರ ಬರ್ಲಿಲ್ಲ ಅಂದ್ರೆ ನೀನ್ಯಾಕೆ ಒಂದು ಫೋನ್ ಮಾಡ್ಲಿಲ್ಲ?”

“ಹಸಿರಿತ್ತು.”

ಹೇಳಿದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತು. ಹಸಿರಿತ್ತಂತೆ. ಹಸಿರು ಸುಳ್ಳು ಎಂದು ಆ ಕಂಪನಿಯಲ್ಲಿ ಎಲ್ಲರಿಗಿಂತ ಮೊದಲು ತಿಳಿದಿದ್ದವಳು ಇವಳು. ಆ ಸುಳ್ಳನ್ನು ಚಮಚದ ಹಿಡಿಯಿಂದ ತಾನೇ ಮಾಡಿ, ಇಪ್ಪತ್ತೆರಡು ಮನೆಗೆ ಹಂಚಿದವಳು. ಮೇಲಿನವರ ಕಣ್ಣು ಕಟ್ಟಲು ಮಾಡಿದ್ದನ್ನು ದಿನಾ ನೋಡಿ ನೋಡಿ ಕೊನೆಗೆ ತಾನೇ ನಂಬಿ ಕೂತಿದ್ದಳು. ದೊಡ್ಡವರ ಮೇಲೆ, ನಗುಮುಖನ ಮೇಲೆ ಮೂರು ದಿನದಿಂದ ಉರಿಯುತ್ತಿದ್ದ ಸಿಟ್ಟು ಈಗ ತಿರುಗಿ ಅವಳ ಮೈಗೇ ಹತ್ತಿಕೊಂಡಿತು. ಒಂದು ಫೋನು. ನಂಬರು ಬಾಯಿಪಾಠ ಇತ್ತು.

ಮಂಗಳವಾರ ಹನ್ನೊಂದಕ್ಕೆ ಅವಳು ದೊಡ್ಡವರ ಕೋಣೆಗೆ ಹೋದಳು. ಗಾಜಿನ ಗೋಡೆ, ಉದ್ದನೆಯ ಮೇಜು, ಮೇಜಿನ ಮೇಲೆ ಅವಳ ತಂಡದ ಫಲಕದ ಫೋಟೋ. ದೊಡ್ಡವರು ಗದರುವವರಲ್ಲ. ಮೆತ್ತಗೆ, ಮನೆಯವರ ಹಾಗೆ ಮಾತಾಡುವವರು. ಟೀಚರಮ್ಮನ ಬಗ್ಗೆ ತಮಗೂ ತುಂಬ ನೋವಿದೆ ಎಂದರು. ಆದರೆ ಮುಖ್ಯಸ್ಥೆಗೆ ಗೊತ್ತಿತ್ತು ಎಂದಾದರೆ ಎರಡು ವರ್ಷದ ಹಸಿರೆಲ್ಲ ಸುಳ್ಳು ಎಂದಾಗುತ್ತದೆ, ಮೇಲಿನವರಿಗೆ ತಾವು ಮುಖ ತೋರಿಸುವಂತಿಲ್ಲ, ಇಡೀ ವಿಭಾಗಕ್ಕೇ ಕುತ್ತು ಎಂದರು. ಒಬ್ಬರ ಸಲುವಾಗಿ ಇಪ್ಪತ್ತೊಂದು ಜನರನ್ನು ಬೀದಿಗೆ ತರಬೇಡಿ, ನಾಯಕತ್ವ ಅಂದರೆ ಇದೇ ಎಂದರು. ಟೀಚರಮ್ಮ ಅಕ್ಕನಿಗೇ ಕಳಿಸಿದ ಮೆಸೇಜುಗಳಿವೆಯಲ್ಲ ಎಂಬ ತೊಡಕಿಗೆ ಪರಿಹಾರ ನಾಲ್ಕನೆಯ ಸಾಲಿನಲ್ಲಿತ್ತು.

ಅಕ್ಕ ಕಾಗದ ತೆಗೆದು ಆ ಸಾಲನ್ನು ಗಟ್ಟಿಯಾಗಿ ಓದಿದಳು. ಮೆಸೇಜುಗಳಲ್ಲಿ ಬರುವ ‘ಚಮಚ’ ಎಂಬ ಪದವು ಯೋಗಕ್ಷೇಮಾಧಿಕಾರಿಗಳನ್ನು ಕುರಿತು ಮಾಡಿದ ತಮಾಷೆಯಾಗಿರುತ್ತದೆ. ಓದಿ, ನಗುಮುಖನ ಕಡೆ ತಿರುಗಿದಳು. ಕಂಪನಿಯ ಮಾನ ಉಳಿಸಲು ದಾಖಲೆಯಲ್ಲೇ ಚಮಚವಾಗಲು ಒಪ್ಪಿದ್ದ ಆತ ಮೇಜಿನ ಅಂಚು ಸವರುತ್ತಾ ಕೂತಿದ್ದ.

“ಹಾಗಾದ್ರೆ ಬರೆದಿರೋದನ್ನ ಅರ್ಥ ಮಾಡಿಸಿ ಸಾರ್. ಚಮಚ ಇಟ್ಟಿದ್ದೀನಿ ಅಂತ ಇದೆ. ನಿಮ್ಮನ್ನ ಎಲ್ಲಿ ಇಟ್ಟಿದ್ದು? ಚಮಚ ತೊಳೆದೆ ಅಂತ ಇದೆ. ಒಬ್ಬರಲ್ಲ, ಇಪ್ಪತ್ತೆರಡು ಜನ, ಎರಡು ವರ್ಷ, ದಿನಕ್ಕೆ ನಾಲ್ಕು ನಾಲ್ಕು ಸಲ ನಿಮ್ಮನ್ನ ತೊಳೆದಿದ್ದಾರಾ?”

ದೊಡ್ಡವರ ಬಾಯಿಯ ಒಂದು ಮೂಲೆ ಅಲುಗಿ ನಿಂತಿತು. ನಗುಮುಖ ನಗಲಿಲ್ಲ.

ಅಕ್ಕ ಚೀಲದಿಂದ ಒಂದು ಚಮಚ ತೆಗೆದಳು. ಮನೆಯ ಅಡುಗೆಮನೆಯದೇ, ಹಿಡಿಯ ತುದಿ ಸವೆದು ಹೊಳೆಯುತ್ತಿತ್ತು. ನಗುಮುಖನ ಮುಂದಿದ್ದ ಕಂಪ್ಯೂಟರನ್ನು ತನ್ನ ಕಡೆ ಎಳೆದು, ಹಿಡಿಯನ್ನು ಶಿಫ್ಟ್ ಕೀಲಿಯ ಸಂದಿಗೆ ಸಿಕ್ಕಿಸಿ, ಪರದೆಯನ್ನು ಅವರಿಬ್ಬರ ಕಡೆ ತಿರುಗಿಸಿದಳು.

“ನೋಡ್ತಾ ಇರಿ. ಈಗ ನೀವು ಇಲ್ಲೇ ಕುಸಿದು ಬಿದ್ರೂ ಇದು ಹಸಿರೇ. ಇದನ್ನ ನೋಡಿ ನೀವು ನಂಗೆ ಫಲಕ ಕೊಟ್ರಿ. ಇದನ್ನ ನೋಡಿ ನಾನು ಊಟ ಮಾಡ್ದೆ, ಅವರು ನೆಲದ ಮೇಲೆ ನನ್ನ ಫೋನಿಗೆ ಕಾಯ್ತಿದ್ರು.”

ಅಕ್ಕ ಕಾಗದ ಮಗುಚಿ, ಹಿಂದುಗಡೆ ಬರೆಯತೊಡಗಿದಳು. ಮನೆಯಿಂದ ಕೆಲಸ ಮಾಡುವವರಿಗೆ ತಂಡದ ಮುಖ್ಯಸ್ಥರ ಸೂಚನೆಯೇ ಕಂಪನಿಯ ಸೂಚನೆ ಎಂದು ನಿಯಮದ ಪುಸ್ತಕದಲ್ಲಿ ಒಂದು ಮಾತಿತ್ತು. ಏನಾದರೂ ಎಡವಟ್ಟಾದಾಗ ಅಕ್ಕನ ತಲೆಗೆ ಕಟ್ಟಲೆಂದೇ ದೊಡ್ಡವರು ಅದನ್ನು ಬರೆಸಿದ್ದರು, ಎಷ್ಟೋ ಸಲ ಅವಳ ಮುಖಕ್ಕೆ ಹಿಡಿದೂ ಇದ್ದರು. ಈಗ ಅವಳು ಅದನ್ನೇ ಅಕ್ಷರ ತಪ್ಪದೆ ಬರೆದಳು. ಅದರ ಕೆಳಗೆ, ಚಮಚ ಇಡಲು ಸೂಚನೆ ಕೊಟ್ಟದ್ದು ನಾನು ಎಂದು ಬರೆದಳು. ಸದರಿ ನೌಕರರು ನನ್ನ ಸೂಚನೆಯಂತೆ ನಡೆದುಕೊಂಡಿದ್ದು, ಬಿದ್ದ ಹೊತ್ತಿನಲ್ಲಿ ಪೂರ್ತಿ ಕರ್ತವ್ಯದ ಮೇಲಿದ್ದರು. ‘ಚಮಚ ತೊಳೆದೆ’ ಎಂಬ ಸಂದೇಶ ಬಾರದಿದ್ದರೂ ವಿಚಾರಿಸದೆ ಬಿಟ್ಟದ್ದು ನನ್ನ ತಪ್ಪು. ನಾಲ್ಕು ನಿಮಿಷ ಎದ್ದರೆ ಶಿಕ್ಷೆ ಎಂದು ಮಾಡಿದ್ದು ನಾನಲ್ಲ. ಸಹಿ ಹಾಕಿ, ತನ್ನ ಫೋನಿನಲ್ಲಿ ಅದರ ಫೋಟೋ ಹಿಡಿದುಕೊಂಡು, ಕಾಗದವನ್ನು ದೊಡ್ಡವರ ಮುಂದೆ ಸರಿಸಿದಳು.

ದೊಡ್ಡವರು ಓದಿದರು. ಸೂಚನೆ ಎಂಬ ಪದದ ಹತ್ತಿರ ಅವರ ಕಣ್ಣು ನಿಂತುಬಿಟ್ಟಿತು. ಬುದ್ಧಿವಂತರು, ತಕ್ಷಣ ತಿಳಿಯಿತು. ಅಕ್ಕನನ್ನು ಅವರು ಕೆಲಸದಿಂದ ಕಳಿಸಬಹುದು, ಕಂಪನಿಯ ಸೂಚನೆಯಂತೆ ನಡೆದ ಟೀಚರಮ್ಮನನ್ನು ಕಳಿಸುವಂತಿಲ್ಲ.

“ನಾಳೆಯಿಂದ ನೀವು ಬರೋದು ಬೇಡ,” ಎಂದರು, ಅದೇ ಮೆತ್ತನೆ ದನಿಯಲ್ಲಿ.

“ಗೊತ್ತು. ಆ ಗುಂಡಿಗಳ ಪಕ್ಕ ಚೆನ್ನಾಗಿಲ್ಲ ಅನ್ನೋದೊಂದು ಹಾಕಿಸಿ.”

ಅವಳು ತನ್ನ ಮೇಜಿಗೆ ಬಂದು ಕೂತಳು. ಪರದೆಯ ಮೇಲೆ ಕಾಳಜಿ ಬಂದು ಕಾಯುತ್ತಿತ್ತು. ‘ನೀವು ಮೇಜಿನಿಂದ ದೂರವಿರುವಂತಿದೆ. ಚೆನ್ನಾಗಿದ್ದೀರಾ?’ ಅವಳು ಎರಡು ಗುಂಡಿಗಳನ್ನೂ ಮುಟ್ಟಲಿಲ್ಲ. ಫೋನು ತೆಗೆದು ಪುಟ್ಟಿಯ ಅಮ್ಮನಿಂದ ಶುರುಮಾಡಿ ಒಬ್ಬೊಬ್ಬರಿಗೂ ಕರೆ ಮಾಡಿದಳು. ಆಗಿದ್ದನ್ನು ಎರಡು ಮಾತಿನಲ್ಲಿ ಹೇಳಿ, ಇನ್ನು ಮೇಲೆ ನಿಮ್ಮನಿಮ್ಮಲ್ಲಿ ಮೆಸೇಜು ಸಾಲದು, ಕಾಲು ಗಂಟೆ ದಾಟಿದರೆ ಫೋನು ಮಾಡಿ ದನಿ ಕೇಳಿ ಎಂದಳು. ಕೆಲವರು ಅತ್ತರು. ಒಬ್ಬ, ನಮ್ಮ ಗತಿ ಏನು ಎಂದು ಅವಳ ಮೇಲೆಯೇ ರೇಗಿದ. ಅವನು ರೇಗಿದ್ದು ನ್ಯಾಯವೇ ಎಂದು ಅವಳು ಸುಮ್ಮನೆ ಕೇಳಿಸಿಕೊಂಡಳು. ಅವಳ ಚುಕ್ಕಿ ಆಗಲೇ ಹಳದಿ ದಾಟಿ ಕೆಂಪಾಗಿತ್ತು. ಎರಡು ವರ್ಷದಲ್ಲಿ ಆ ವಿಭಾಗದ ಮೊದಲ ಕೆಂಪು.

ಕೊನೆಯ ಕರೆ ಆಸ್ಪತ್ರೆಗೆ. ಒಂದೇ ರಿಂಗಿಗೆ ಟೀಚರಮ್ಮ ಎತ್ತಿದರು. ಯಾರೋ ಕಾಗದದ ಸುದ್ದಿ ಆಗಲೇ ಮುಟ್ಟಿಸಿದ್ದರು.

“ಸಹಿ ಹಾಕಿಬಿಟ್ಯೇನೆ? ಹಾಕಿದ್ರೂ ನಂಗೇನು ಬೇಜಾರಿಲ್ಲ. ನಿಜವಾಗ್ಲೂ.”

ಏನೇನೋ ಹೇಳಬೇಕೆಂದುಕೊಂಡಿದ್ದಳು, ಗುರುವಾರ ಮಾಡದ ಫೋನಿಗೆ ಕ್ಷಮೆ ಕೇಳಬೇಕೆಂದಿದ್ದಳು.

“ಟೀಚರಮ್ಮ, ನಿಮ್ಮ ಚಮಚ ನಾನು ತೊಳೆದೆ,” ಎಂದಳು.

ಅಕ್ಕ ಫೋನು ಇಡಲಿಲ್ಲ. ಟೀಚರಮ್ಮ ಮೂಗು ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಊಟ ಆಯ್ತಾ ಎಂದು ಕೇಳುವವರೆಗೂ ಕಿವಿಗೆ ಒತ್ತಿ ಹಿಡಿದುಕೊಂಡೇ ಇದ್ದಳು.